ಆರು ತಿಂಗಳು ಖಾಲಿಯಿದ್ದ ಮರದ ಗೂಡು: ಎರಡು ಸಲ ತೊಳೆಯಬೇಕಾಗಿ ಬಂದ ಒಂದು ಪ್ರಕರಣ

ಹಿನ್ನೆಲೆ

ಒಂದು ಕುಟುಂಬ ಎರಡು ಗಿನಿಪಿಗ್‌ಗಳಿಗಾಗಿ ಬಳಸಿದ ಮರದ ಗೂಡೊಂದನ್ನು ಕೊಂಡಿತು. ಅದರಲ್ಲಿ ಮೊದಲು ಇದ್ದದ್ದು ಒಂದು ಮೊಲ. ಗೂಡಿಗೆ ಎರಡು ಅಂತಸ್ತು, ಸುಮಾರು 120 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ. ಚೌಕಟ್ಟು ಪೈನ್ ಮರದ್ದು, ನೆಲ 9 ಮಿ.ಮೀ. ಪ್ಲೈವುಡ್‌ನದು, ಬಾಗಿಲುಗಳಿಗೆ ಸತು ಲೇಪದ ತಂತಿ ಜಾಲರಿ, ಚಾವಣಿಯ ಮೇಲೆ ಟಾರು ಹಾಳೆ. ಕೆಳಗಿನಿಂದ ಮೇಲಕ್ಕೆ ಹತ್ತಲು ಅಡ್ಡಪಟ್ಟಿ ಬಡಿದ ಒಂದು ಏಣಿ ಹಲಗೆ. ಮರ ಗಟ್ಟಿಯಾಗಿತ್ತು, ಬಾಗಿಲು ಸರಿಯಾಗಿ ಕೂರುತ್ತಿದ್ದವು. ಕುಟುಂಬದ ಗುರುತು ಸಿಗುವ ವಿವರಗಳನ್ನೆಲ್ಲ ಇಲ್ಲಿ ಬಿಟ್ಟಿದ್ದೇವೆ. ಕೆಲಸದ ವಿವರ ಮಾತ್ರ ನಡೆದಂತೆಯೇ ಇದೆ.

ಮಾರಿದವರು ಹೇಳಿದ ಒಂದು ಮಾತಿನ ಮೇಲೆ ಮುಂದಿನ ತೀರ್ಮಾನಗಳೆಲ್ಲ ನಿಂತವು: ಗೂಡು ಆರು ತಿಂಗಳಿಂದ ಖಾಲಿ ಇದೆ, ರೋಗವೇನಾದರೂ ಇದ್ದರೂ ಇಷ್ಟರಲ್ಲಿ ಸತ್ತಿರುತ್ತದೆ. ಮೊಲ ಹೇಗೆ ಸತ್ತಿತೆಂದು ಯಾರೂ ಕೇಳಲಿಲ್ಲ, ಅದಕ್ಕೆ ಚರ್ಮದ ತೊಂದರೆ ಇತ್ತೇ ಎಂದೂ ಕೇಳಲಿಲ್ಲ.

ಆರು ತಿಂಗಳ ಲೆಕ್ಕ ಕೆಲವಕ್ಕೆ ಸರಿ. ತುಪ್ಪಳದಲ್ಲಿ ಬದುಕುವ ನುಸಿಗಳು ಪ್ರಾಣಿಯ ಮೈ ಬಿಟ್ಟು ಕೆಲವೇ ವಾರಗಳಲ್ಲಿ ಸಾಯುತ್ತವೆ. ಮೊಲದ ಮೂತ್ರದಲ್ಲಿ ಬರುವ ಎನ್ಸೆಫಾಲಿಟೊಜೂನ್ ಪರಾವಲಂಬಿಯ ಬೀಜಕಣಗಳೂ ಒಣ ಜಾಗದಲ್ಲಿ ಉಳಿಯುವುದು ವಾರಗಳ ಲೆಕ್ಕದಲ್ಲೇ. ಆದರೆ ಹುಳುಕಡ್ಡಿ, ಅಂದರೆ ಗಜಕರ್ಣ ತರುವ ಶಿಲೀಂಧ್ರದ ಕಣಗಳು ಉದುರಿದ ಕೂದಲು ಮತ್ತು ಹೊಟ್ಟಿಗೆ ಅಂಟಿಕೊಂಡು ಒಣ ಸಂದಿನಲ್ಲಿ ಒಂದು ವರ್ಷ ದಾಟಿಯೂ ಜೀವಂತ ಇರಬಲ್ಲವು. ಕೋಳಿ ಇದ್ದ ಗೂಡಾದರೆ ಕೆಂಪು ನುಸಿ ರಕ್ತ ಸಿಗದೆಯೂ ಹಲವು ತಿಂಗಳು ಟಾರು ಹಾಳೆಯ ಅಡಿಯಲ್ಲಿ ಕಾಯುತ್ತದೆ. ಹಾಗಾಗಿ ಗೂಡು ಎಷ್ಟು ಕಾಲ ಖಾಲಿಯಿತ್ತು ಎಂದು ಕೇಳಿದರೆ ಸಾಲದು, ಅದರಲ್ಲಿ ಏನು ಉಳಿದಿರಬಹುದು ಎಂದೂ ಯೋಚಿಸಬೇಕು.

ಮೊದಲ ಸಲ ತೊಳೆದದ್ದು

ಗೂಡು ಬಂದ ದಿನವೇ ಕೆಲಸ ಶುರುವಾಯಿತು. ಒಣ ಪೊರಕೆಯಿಂದ ಹುಲ್ಲು, ಹಿಕ್ಕೆ ಗುಡಿಸಿದರು. ಪರಿಮಳದ ನೆಲ ತೊಳೆಯುವ ದ್ರಾವಣ ಸಿಂಪಡಿಸಿ ಒರೆಸಿದರು. ನೆಲದ ಮೂಲೆಯೊಂದರಲ್ಲಿ ಬಿಳಿಯ ಗಟ್ಟಿ ಪದರವೂ ಸುತ್ತ ಕಂದು ಕಲೆಯೂ ಇದ್ದವು. ಅದು ಮೂತ್ರದ ಮೂಲೆಯೆಂದು ಗೊತ್ತಾಗಿ ಬ್ಲೀಚ್ ಮತ್ತು ನೀರನ್ನು ಅರ್ಧಕ್ಕರ್ಧ ಬೆರೆಸಿ ಸುರಿದರು. ಕೆಲವೇ ನಿಮಿಷಗಳಲ್ಲಿ ಕಣ್ಣು ಉರಿಯುವ ಘಾಟು ಎದ್ದಿತು. ಹೊರಗೆ ಬಯಲಲ್ಲಿ ಮಾಡುತ್ತಿದ್ದದ್ದರಿಂದ ಯಾರಿಗೂ ಅಪಾಯವಾಗಲಿಲ್ಲ. ಪೈಪಿನ ನೀರು ಬಿಟ್ಟು ತೊಳೆದು, ಒಂದು ಹಗಲು ಬಿಸಿಲಿಗಿಟ್ಟು, ಮರುದಿನ ಹುಲ್ಲು ಹಾಸಿ ಗಿನಿಪಿಗ್‌ಗಳನ್ನು ಬಿಟ್ಟರು.

ಇಲ್ಲಿ ಆದ ತಪ್ಪುಗಳನ್ನು ಒಂದೊಂದಾಗಿ ನೋಡಬೇಕು, ಏಕೆಂದರೆ ಬಹಳಷ್ಟು ಮನೆಗಳಲ್ಲಿ ಕೆಲಸ ಇದೇ ಕ್ರಮದಲ್ಲಿ ನಡೆಯುತ್ತದೆ.

ಆ ಘಾಟು ಬ್ಲೀಚಿನದು ಮಾತ್ರ ಅಲ್ಲ. ಹಳೆಯ ಮೂತ್ರದ ಯೂರಿಯಾ ಕೊಳೆತು ಅಮೋನಿಯಾ ಆಗಿರುತ್ತದೆ. ಅದಕ್ಕೆ ಬ್ಲೀಚ್ ತಾಗಿದರೆ ಕ್ಲೋರಮಿನ್ ಅನಿಲ ಹೊರಡುತ್ತದೆ, ಶ್ವಾಸಕೋಶಕ್ಕೆ ಅದು ಕೆಡುಕು. ಇದೇ ಕೆಲಸ ಮುಚ್ಚಿದ ಬಚ್ಚಲುಮನೆಯಲ್ಲಿ ನಡೆದಿದ್ದರೆ ಆಸ್ಪತ್ರೆಗೆ ಓಡಬೇಕಾಗಬಹುದಿತ್ತು. ಅದಲ್ಲದೆ ಕೊಳೆಯ ಮೇಲೆ ಸುರಿದ ಬ್ಲೀಚಿನ ಶಕ್ತಿ ಆ ಕೊಳೆಯನ್ನು ಸುಡುವುದರಲ್ಲೇ ಖರ್ಚಾಗುತ್ತದೆ, ರೋಗಕಣದ ತನಕ ಉಳಿಯುವುದಿಲ್ಲ. ಇನ್ನಷ್ಟು ಗಟ್ಟಿಯಾಗಿ ಬೆರೆಸಿದರೂ ಈ ಕೊರತೆ ತುಂಬುವುದಿಲ್ಲ. ಮರದ ಎಳೆ ಸಡಿಲವಾಗಿ ನಾರುನಾರಾಗಿ ಏಳುತ್ತದೆ ಅಷ್ಟೇ.

ಒಣ ಪೊರಕೆಯಿಂದ ಗುಡಿಸಿದ್ದು ಅದಕ್ಕಿಂತ ಸೂಕ್ಷ್ಮವಾದ ತಪ್ಪು. ಕೂದಲು, ಹೊಟ್ಟು, ಅವುಗಳ ಮೇಲಿನ ಶಿಲೀಂಧ್ರ ಕಣ ಎಲ್ಲವೂ ಗಾಳಿಗೆ ಎದ್ದು ಮತ್ತೆ ಅದೇ ಗೂಡಿನೊಳಗೂ ಗುಡಿಸಿದವರ ಬಟ್ಟೆಯ ಮೇಲೂ ಕೂರುತ್ತವೆ.

ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಗೂಡನ್ನು ಬಿಚ್ಚದೆಯೇ ತೊಳೆದದ್ದು. ನೀರೂ ಬ್ಲೀಚೂ ತಲುಪಿದ್ದು ಕಣ್ಣಿಗೆ ಕಾಣುವ ಜಾಗಕ್ಕೆ ಮಾತ್ರ.

ಸಮಸ್ಯೆ ಕಾಣಿಸಿಕೊಂಡದ್ದು

ನಾಲ್ಕನೇ ದಿನದಿಂದ ಬೆಳಗ್ಗೆ ಬಾಗಿಲು ತೆರೆದಾಗ ಮೂತ್ರದ ವಾಸನೆ ಬರತೊಡಗಿತು. ಹುಲ್ಲು ಬದಲಿಸಿದರೂ ಹೋಗಲಿಲ್ಲ. ರಾತ್ರಿ ಬಾಗಿಲು ಮುಚ್ಚಿ ಒಳಗೆ ತೇವ ಹೆಚ್ಚಿದಾಗ ಮರದೊಳಗಿನ ಹಳೆಯ ಮೂತ್ರ ಮತ್ತೆ ಎದ್ದೇಳುತ್ತದೆ. ಹಗಲು ಬಿಸಿಲಲ್ಲಿ ಮೂಸಿ ನೋಡಿ ವಾಸನೆಯಿಲ್ಲ ಅಂದುಕೊಂಡರೆ ಮೋಸಹೋಗುವುದು ಇದರಿಂದಲೇ.

ಹನ್ನೆರಡನೇ ದಿನ ಒಂದು ಗಿನಿಪಿಗ್‌ನ ಮೂಗಿನ ಪಕ್ಕದಲ್ಲಿ ಕೂದಲು ಉದುರಿ ಹೊಟ್ಟು ಕಟ್ಟಿದ ಮಚ್ಚೆ ಕಾಣಿಸಿತು. ಹದಿನಾರನೇ ದಿನ ಮನೆಯ ಮಗುವಿನ ಮುಂಗೈಯಲ್ಲಿ ಅಂಚು ಕೆಂಪಾದ ದುಂಡು ತುರಿಕೆ. ಮಗುವನ್ನು ಚರ್ಮದ ವೈದ್ಯರಿಗೆ, ಗಿನಿಪಿಗ್‌ಗಳನ್ನು ಪಶುವೈದ್ಯರಿಗೆ ತೋರಿಸಿದರು. ನೇರಳಾತೀತ ದೀಪದಲ್ಲಿ ಮಚ್ಚೆ ಹೊಳೆಯಲಿಲ್ಲ. ಗಿನಿಪಿಗ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಟ್ರೈಕೋಫೈಟನ್ ಗುಂಪಿನ ಶಿಲೀಂಧ್ರ ಆ ದೀಪಕ್ಕೆ ಹೊಳೆಯುವಂಥದ್ದಲ್ಲ, ಆದ್ದರಿಂದ ಹೊಳೆಯಲಿಲ್ಲವೆಂದು ರೋಗವಿಲ್ಲ ಅನ್ನುವಂತಿರಲಿಲ್ಲ. ಪಶುವೈದ್ಯರು ಹೊಸ ಹಲ್ಲುಜ್ಜುವ ಬ್ರಷ್‌ನಿಂದ ಎರಡೂ ಪ್ರಾಣಿಗಳ ಮೈ ಬಾಚಿ ಮಾದರಿ ತೆಗೆದರು, ಇನ್ನೊಂದು ಬ್ರಷ್‌ನಿಂದ ಗೂಡಿನ ಸಂದುಗಳನ್ನು ಉಜ್ಜಿ ತರಲು ಹೇಳಿದರು. ಎರಡು ವಾರ ದಾಟಿದ ಮೇಲೆ ಬಂದ ಉತ್ತರದಲ್ಲಿ ಮೂರೂ ಮಾದರಿಗಳಲ್ಲಿ ಟ್ರೈಕೋಫೈಟನ್ ಬೆಳೆದಿತ್ತು. ಚಿಕಿತ್ಸೆ ಮಾತ್ರ ಅದಕ್ಕೂ ಮೊದಲೇ ಶುರುವಾಗಿತ್ತು.

ರೋಗ ಗೂಡಿನಿಂದ ಬಂತೆಂದು ಇದರಿಂದ ಖಚಿತವಾಗಿ ಹೇಳಲಾಗದು. ಯಾವ ಲಕ್ಷಣವೂ ಇಲ್ಲದೆ ಈ ಶಿಲೀಂಧ್ರವನ್ನು ಹೊತ್ತಿರುವ ಗಿನಿಪಿಗ್‌ಗಳಿವೆ. ಹೊಸ ಜಾಗದ ಗಾಬರಿಯಲ್ಲಿ ಅವುಗಳ ಮೈಯಲ್ಲಿ ಅದು ಮೇಲೇಳಬಹುದು. ಹನ್ನೆರಡು ದಿನ ಅಲ್ಲೇ ಇದ್ದ ಪ್ರಾಣಿಗಳಿಂದಲೇ ಗೂಡಿಗೆ ತಗುಲಿರಲೂಬಹುದು. ಮುಂದೆ ಗೂಡು ಬಿಚ್ಚಿದಾಗ ಬೀಡಿಂಗ್ ಪಟ್ಟಿಯ (ಅಂಚು ಮುಚ್ಚಲು ಬಡಿದ ತೆಳು ಮರದ ಪಟ್ಟಿ) ಅಡಿಯಲ್ಲಿ ಬೂದು ಬಣ್ಣದ ನವಿರಾದ ಕೂದಲಿನ ಗಂಟು ಸಿಕ್ಕಿತು, ಈ ಗಿನಿಪಿಗ್‌ಗಳ ಕೂದಲು ಕಂದು ಮತ್ತು ಒರಟು. ಮೊದಲ ಶುದ್ಧೀಕರಣ ಅಲ್ಲಿಗೆ ತಲುಪಿರಲಿಲ್ಲ ಎಂಬುದಕ್ಕೆ ಆ ಗಂಟು ಸಾಕ್ಷಿ. ರೋಗದ ಮೂಲಕ್ಕೆ ಅದು ಸಾಕ್ಷಿಯಲ್ಲ.

ನಡುವೆ ಬಂದ ತಿರುವು

ಪ್ರಾಣಿಗಳನ್ನು ನುಣುಪು ಪ್ಲಾಸ್ಟಿಕ್ ತೊಟ್ಟಿಯ ತಾತ್ಕಾಲಿಕ ಗೂಡಿಗೆ ಬದಲಿಸಿದರು. ನಿರ್ಧಾರ ಸರಿಯಾಗಿತ್ತು, ಆದರೆ ಗೂಡಿನೊಂದಿಗೆ ಬಳಸಿದ್ದ ಗುಡಿಸುವ ಬ್ರಷ್, ಹುಲ್ಲಿನ ಬುಟ್ಟಿ, ಮಲಗುವ ಬಟ್ಟೆ ಜೊತೆಗೇ ಹೋದವು. ಹತ್ತು ದಿನದಲ್ಲಿ ಎರಡನೇ ಗಿನಿಪಿಗ್‌ನ ಕಿವಿಯ ಹಿಂದೆಯೂ ಮಚ್ಚೆ ಬಂತು. ಅದರ ಮೈಮೇಲೆ ಶಿಲೀಂಧ್ರ ಮೊದಲೇ ಇದ್ದಿರಬಹುದು, ಹಾಗಿದ್ದರೂ ಹಳೆಯ ಬ್ರಷ್ ಪ್ರತಿದಿನ ಅದಕ್ಕೆ ಹೊಸ ಕಣ ಒದಗಿಸುತ್ತಿತ್ತು. ಬ್ರಷ್ ಮತ್ತು ಬೆತ್ತದ ಬುಟ್ಟಿಯನ್ನು ಚೀಲದಲ್ಲಿ ಕಟ್ಟಿ ಎಸೆದರು. ಬಟ್ಟೆಗಳನ್ನು ಹೊರಗೆ ನಿಧಾನವಾಗಿ ಕೊಡವಿ, ಯಂತ್ರವನ್ನು ತುಂಬಿಸದೆ, ಉದ್ದದ ಸುತ್ತಿನಲ್ಲಿ ಎರಡು ಸಲ ಒಗೆದರು. ಗೂಡು ತೊಳೆಯುವವರು ಗೂಡಿನ ಉಪಕರಣಗಳನ್ನು ಮರೆಯುವುದು ತೀರ ಸಾಮಾನ್ಯ, ಅವು ಗೂಡಿನಷ್ಟೇ ಮುಖ್ಯ.

ಎಸೆಯುವುದೋ ಉಳಿಸುವುದೋ

ಕುಟುಂಬ ಗೂಡನ್ನೇ ಎಸೆಯಲು ಹೊರಟಿತ್ತು. ಪಶುವೈದ್ಯರ ಸಲಹೆಯಂತೆ ಒಂದು ಸಲ ಪೂರ್ತಿ ಬಿಚ್ಚಿ ನೋಡಿದ ಮೇಲೆ ತೀರ್ಮಾನಿಸೋಣ ಎಂದಾಯಿತು. ಈ ಪ್ರಕರಣದ ಅತ್ಯಂತ ಉಪಯುಕ್ತ ನಿರ್ಧಾರ ಇದು.

ಮೊದಲು ಎಲ್ಲ ಕೋನದಿಂದ ಫೋಟೋ ತೆಗೆದುಕೊಂಡರು. ಒಳಭಾಗವನ್ನು ಸೋಪು ನೀರಿನ ಸಣ್ಣ ತುಂತುರಿನಿಂದ ತೇವ ಮಾಡಿ, ಕೈಗವಸು, ಕನ್ನಡಕ, ಮುಖಗವಸು ಹಾಕಿಕೊಂಡು ಬಿಚ್ಚತೊಡಗಿದರು. ಬಾಗಿಲು, ಕೀಲು, ಚಿಲಕ, ಚಾವಣಿ, ಬೀಡಿಂಗ್ ಪಟ್ಟಿ, ಜಾಲರಿ, ಕೊನೆಗೆ ನೆಲ. ತುಕ್ಕು ಹಿಡಿದ ಸ್ಕ್ರೂಗಳಿಗೆ ಬದಲಿಗೆ ಸ್ಟೇನ್‌ಲೆಸ್ ಸ್ಕ್ರೂ ತರುವುದೆಂದು ಅಳತೆ ಬರೆದಿಟ್ಟರು.

ಪ್ಲೈವುಡ್ ನೆಲದ ಅಡಿಭಾಗ ನೋಡಿದಾಗ ವಾಸನೆಯ ಕಾರಣ ತಿಳಿಯಿತು. ಮೇಲೆ ಅಂಗೈಯಗಲದ ಕಲೆ ಇದ್ದ ಕಡೆ ಕೆಳಗೆ ಅದರ ಮೂರರಷ್ಟು ಅಗಲಕ್ಕೆ ಕಪ್ಪಾಗಿತ್ತು, ಪದರಗಳು ಬಾಯಿ ಬಿಟ್ಟಿದ್ದವು. ಪ್ಲೈವುಡ್‌ನ ಮೇಲ್ಮೈಗಿಂತ ಕೊಯ್ದ ಅಂಚು ಹೆಚ್ಚು ಹೀರುತ್ತದೆ, ಅಲ್ಲಿಂದ ಮೂತ್ರ ಪದರಗಳ ನಡುವೆ ಹರಿಯುತ್ತದೆ. ಹಾಗೆ ಬಿಟ್ಟುಕೊಂಡ ಪ್ಲೈವುಡ್‌ನ ಒಳಗೆ ಯಾವ ದ್ರಾವಣವೂ ನಂಬುವಂತೆ ತಲುಪುವುದಿಲ್ಲ, ತಲುಪಿದರೂ ಹೊರಗೆ ಒಣಗಿ ಬರುವುದಿಲ್ಲ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಮತ್ತು ಮರದ ಪುಡಿ ಒತ್ತಿದ ಹಲಗೆಗಳದೂ ಇದೇ ಗತಿ. ಒಂದು ಸಲ ಉಬ್ಬಿದರೆ ಎಸೆಯುವುದೇ ಸರಿ.

ಚೌಕಟ್ಟಿನ ಪ್ರತಿ ಕಡ್ಡಿಗೂ ಚೂಪು ಮೊಳೆ ಚುಚ್ಚಿ ನೋಡಿದರು. ಗಟ್ಟಿ ಮರದಲ್ಲಿ ತುದಿ ಮಾತ್ರ ಇಳಿಯುತ್ತದೆ, ಕೊಳೆತ ಕಡೆ ಬೆಣ್ಣೆಯಂತೆ ಒಳಹೋಗುತ್ತದೆ. ಚೌಕಟ್ಟು ಗಟ್ಟಿಯಿತ್ತು. ಹೀಗೆ ನೋಡಿ ಕೊನೆಗೆ ನೆಲ, ಏಣಿ ಹಲಗೆ, ನಡುವಿನ ತಡಿಕೆ, ಬೀಡಿಂಗ್ ಪಟ್ಟಿಗಳು, ಟಾರು ಹಾಳೆ ಮತ್ತು ಜಾಲರಿಯನ್ನು ಎಸೆದರು. ಏಣಿ ಹಲಗೆ ನೋಡಲು ಚೆನ್ನಾಗಿಯೇ ಇತ್ತು, ಆದರೆ ಅದಕ್ಕೆ ಹದಿನಾಲ್ಕು ಅಡ್ಡಪಟ್ಟಿಗಳು, ಅಂದರೆ ಇಪ್ಪತ್ತೆಂಟು ಸಂದು. ಅದನ್ನು ತೊಳೆಯುವ ಹೊತ್ತಿನಲ್ಲಿ ಹೊಸದೇ ಮಾಡಬಹುದು. ಜಾಲರಿಯ ಬುಡದಲ್ಲಿ ಸತುವಿನ ಲೇಪ ಹೋಗಿ ತುಕ್ಕು ಹಿಡಿದಿತ್ತು, ತಂತಿ ಮತ್ತು ಮರದ ನಡುವೆ ಕೂದಲು ಸಿಕ್ಕಿಕೊಂಡಿತ್ತು. ಉಳಿದದ್ದು ಚೌಕಟ್ಟು, ಗೋಡೆಯ ಹಲಗೆ, ಬಾಗಿಲು.

ಎರಡನೇ ಸಲ ತೊಳೆದದ್ದು

ಮರದ ಕ್ರಮ ಹೀಗೆ: ತೊಳೆ, ಜಾಲಾಡು, ಒಣಗಿಸು, ಆಮೇಲೆ ರೋಗನಾಶಕ ಹಚ್ಚು, ಮತ್ತೆ ಜಾಲಾಡು, ಮತ್ತೆ ಒಣಗಿಸು. ನಡುವಿನ ಒಣಗಿಸುವಿಕೆಯನ್ನು ಎಲ್ಲರೂ ಹಾರಿಸುತ್ತಾರೆ. ನೀರು ಕುಡಿದು ತುಂಬಿದ ಮರ ರೋಗನಾಶಕವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮೇಲಿದ್ದುದನ್ನೂ ತೆಳುಮಾಡಿಬಿಡುತ್ತದೆ.

ಚೌಕಟ್ಟಿನ ಕೆಳಪಟ್ಟಿಯ ಮೇಲೆ ಬಿಳಿಯ ಗಟ್ಟಿ ಪದರ ಇನ್ನೂ ಇತ್ತು. ಮೊಲ ಮತ್ತು ಗಿನಿಪಿಗ್‌ಗಳ ಮೂತ್ರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಹೆಚ್ಚು, ಆ ಪದರ ಅದೇ. ಅದಕ್ಕೆ ಸೋಪು ಏನೂ ಮಾಡದು, ಹುಳಿ ಬೇಕು. ಬಿಳಿ ವಿನೆಗರ್ ಮತ್ತು ನೀರನ್ನು ಸಮ ಬೆರೆಸಿ ಬಟ್ಟೆಯಲ್ಲಿ ಅದ್ದಿ ಪದರದ ಮೇಲೆ 20 ನಿಮಿಷ ಹೊದಿಸಿದರು. ಸಣ್ಣಗೆ ಗುಳ್ಳೆ ಎದ್ದು ಮೆತ್ತಗಾಯಿತು. ಪ್ಲಾಸ್ಟಿಕ್ ಅಲಗಿನಿಂದ ಕೆರೆದು, ಉಳಿದದ್ದಕ್ಕೆ ಮತ್ತೊಮ್ಮೆ ಹೊದಿಸಿದರು. ಆಮೇಲೆ ಧಾರಾಳ ನೀರಿನಲ್ಲಿ ತೊಳೆದರು. ಇಲ್ಲಿ ಜಿಪುಣತನ ಕೂಡದು: ವಿನೆಗರ್ ಉಳಿದ ಮರಕ್ಕೆ ಬ್ಲೀಚ್ ತಾಗಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಇವೆರಡನ್ನು ಒಂದೇ ದಿನ ಬಳಸದಿರುವುದೇ ಸುಲಭದ ಕಾಪು.

ಮರುದಿನ 5 ಲೀಟರ್ ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ, ಗಟ್ಟಿ ನೈಲಾನ್ ಬ್ರಷ್‌ನಿಂದ ಮರದ ಎಳೆ ಹೋದ ದಿಕ್ಕಿಗೇ ಉಜ್ಜಿದರು. ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್. ನೀರು ಕಂದಾದ ಕೂಡಲೇ ಬದಲಿಸಿದರು, ಒಟ್ಟು ನಾಲ್ಕು ಬಕೆಟ್. ಜಾಲಾಡಿದ ಮೇಲೆ ಬಿಳಿ ಬಟ್ಟೆಯಿಂದ ಒತ್ತಿ ಒರೆಸಿ ನೋಡಿದರು. ಬಟ್ಟೆ ಬಣ್ಣ ತಿರುಗಿದ ಕಡೆ ಮತ್ತೆ ಉಜ್ಜಿದರು. ಜೋರು ಒತ್ತಡದ ನೀರಿನ ಯಂತ್ರ ಬಳಸಲಿಲ್ಲ. ಅದು ಕೊಳೆಯನ್ನು ಸಂದಿನೊಳಕ್ಕೆ ಇನ್ನೂ ತಳ್ಳುತ್ತದೆ, ಕಣಗಳನ್ನು ಹನಿಯಾಗಿ ಎಲ್ಲೆಡೆ ಹಾರಿಸುತ್ತದೆ.

ಒಣಗಿತೋ ಇಲ್ಲವೋ ತಿಳಿಯಲು ಒಂದು ಸರಳ ಉಪಾಯ ಮಾಡಿದರು. ಒಂದೇ ಬಾಗಿಲನ್ನು ಪ್ರತಿ ಸಂಜೆ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರು. ಎರಡು ದಿನ ಸತತವಾಗಿ ತೂಕ ಇಳಿಯದಿದ್ದರೆ ಒಣಗಿದೆ ಎಂದರ್ಥ. ಮುಟ್ಟಿದರೆ ಎರಡನೇ ದಿನವೇ ಒಣಗಿದಂತೆ ಅನ್ನಿಸಿತ್ತು. ತೂಕ ನಿಂತದ್ದು ಐದನೇ ದಿನ. ತುಂಡುಗಳನ್ನು ನೆಲಕ್ಕೆ ತಾಗದಂತೆ ಕೋಲುಗಳ ಮೇಲಿಟ್ಟು, ಗಾಳಿ ಎಲ್ಲ ಬದಿಗೂ ಆಡುವಂತೆ ನೋಡಿಕೊಂಡರು. ಬಿಸಿಲು ಒಣಗಿಸುತ್ತದೆ, ಆದರೆ ಅದರ ಕಿರಣ ಸಂದಿನೊಳಗೆ ಹೋಗದು, ಬಿಸಿಲಿಗಿಟ್ಟದ್ದನ್ನೇ ಶುದ್ಧೀಕರಣ ಎಂದು ಎಣಿಸುವಂತಿಲ್ಲ.

ರೋಗನಾಶಕದ ಆಯ್ಕೆಯಲ್ಲಿ ಫಿನಾಯಿಲ್ ಹೆಸರೂ ಬಂತು. ಅದನ್ನು ಬಿಟ್ಟದ್ದು ಒಳ್ಳೆಯದಾಯಿತು. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಫಿನಾಲ್ ಬಗೆಯ ದ್ರಾವಣಗಳು ಮರದಲ್ಲಿ ಉಳಿದುಕೊಳ್ಳುತ್ತವೆ. ಅಂಥ ಮರವನ್ನು ಕಡಿಯುವ, ಅದರ ಮೇಲೆ ನಡೆದ ಪಾದ ನೆಕ್ಕುವ ಸಣ್ಣ ಪ್ರಾಣಿಗಳಿಗೆ ಅವು ವಿಷ. ಆರಿಸಿದ್ದು ಬ್ಲೀಚನ್ನೇ, ಈ ಸಲ ಅಳತೆಯಿಂದ. ಬಾಟಲಿಯ ಮೇಲೆ ಸೋಡಿಯಂ ಹೈಪೊಕ್ಲೋರೈಟ್ 5 ಶೇಕಡಾ ಎಂದಿತ್ತು, 100 ಮಿ.ಲೀ. ಬ್ಲೀಚ್‌ಗೆ 900 ಮಿ.ಲೀ. ತಣ್ಣೀರು ಬೆರೆಸಿದರೆ 0.5 ಶೇಕಡಾ ದ್ರಾವಣ. ಬಾಟಲಿ 4 ಶೇಕಡಾದ್ದಾದರೆ 125ಕ್ಕೆ 875. ಬಿಸಿನೀರು ಬೇಡ, ಕ್ಲೋರಿನ್ ಬೇಗ ಹೋಗುತ್ತದೆ. ಬೆರೆಸಿದ್ದನ್ನು ಅಂದೇ ಮುಗಿಸಬೇಕು. ಪರಿಮಳ ಸೇರಿಸಿದ, ನೊರೆ ಬರುವ ಬ್ಲೀಚ್ ಬೇಡ. ವರ್ಷಗಟ್ಟಲೆ ಬಿಸಿಲಿಗೆ ಬಿದ್ದಿದ್ದ ಬಾಟಲಿಯಲ್ಲಿ ಹೆಸರು ಮಾತ್ರ ಬ್ಲೀಚ್ ಉಳಿದಿರುತ್ತದೆ, ಹೊಸದು ತರಬೇಕು.

ಸಿಂಪಡಿಸದೆ ಬ್ರಷ್‌ನಿಂದ ಬಳಿದರು. ಸಿಂಪಡಿಸಿದ ಬ್ಲೀಚಿನ ಮಂಜು ನೇರ ಮೂಗಿಗೆ ಹೋಗುತ್ತದೆ. ಮೇಲ್ಮೈ 10 ನಿಮಿಷ ಕಣ್ಣಿಗೆ ಕಾಣುವಂತೆ ಒದ್ದೆಯಾಗಿರಬೇಕು. ಬರಿಯ ಮರ ಎರಡು ಮೂರು ನಿಮಿಷದಲ್ಲೇ ಹೀರಿಬಿಡುತ್ತದೆ. ಅದಕ್ಕಾಗಿ ಒಂದು ತುಂಡನ್ನು ಮುಗಿಸುವ ತನಕ ಇನ್ನೊಂದನ್ನು ಮುಟ್ಟದೆ, ಗಡಿಯಾರ ನೋಡುತ್ತ, ಪ್ರತಿ ತುಂಡಿಗೂ ನಾಲ್ಕೈದು ಸಲ ಬಳಿಯಬೇಕಾಯಿತು. ಅಡ್ಡ ಕೊಯ್ದ ತುದಿಗಳಿಗೆ ಇನ್ನೂ ಹೆಚ್ಚು. ಆಮೇಲೆ ಎರಡು ಸಲ ನೀರಿನಲ್ಲಿ ತೊಳೆದು ಮತ್ತೆ ಒಣಗಿಸಿದ್ದು ಆರು ದಿನ. ಒಂದು ಬಾಗಿಲಿನ ಮೇಲೆ ನಾರು ಎದ್ದಿತ್ತು, ಒಣಗಿದ ಮೇಲೆ 120ರ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ನುಣುಪು ಮಾಡಿದರು. ಕೊಳೆ ಇದ್ದಾಗಲೇ ಒಣ ಮರವನ್ನು ಹೀಗೆ ಉಜ್ಜಿದ್ದರೆ ಕಣಗಳೆಲ್ಲ ದೂಳಾಗಿ ಏಳುತ್ತಿದ್ದವು.

ಜೋಡಣೆಯಲ್ಲಿ ಮಾಡಿದ ಬದಲಾವಣೆ

ಹೊಸ ನೆಲವನ್ನು ಹಳೆಯದರಂತೆ ಮೊಳೆ ಹೊಡೆದು ಬಿಗಿಯಲಿಲ್ಲ. ಆರು ಸ್ಕ್ರೂ ಬಿಚ್ಚಿದರೆ ಎತ್ತಬಹುದಾದ ಹಲಗೆ, ಅದರ ಮೇಲೆ 8 ಸೆಂ.ಮೀ. ಅಂಚಿನ ಪ್ಲಾಸ್ಟಿಕ್ ತಟ್ಟೆ. ಹಲಗೆಯ ನಾಲ್ಕೂ ಕೊಯ್ದ ಅಂಚಿಗೆ ನೀರಿನ ಆಧಾರದ ವಾರ್ನಿಶ್ ಮೂರು ಸಲ ಬಳಿದರು. ಮುಟ್ಟಲು ಒಣಗಿದ ವಾರ್ನಿಶ್ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಗಿನಿಪಿಗ್‌ಗಳ ಚಿಕಿತ್ಸೆ ಹೇಗೂ ನಡೆಯುತ್ತಿದ್ದದ್ದರಿಂದ ಅವಸರವಿರಲಿಲ್ಲ. ಹಲ್ಲಿಗೆ ಸಿಗುವ ಜಾಗಕ್ಕೆಲ್ಲ ವಾರ್ನಿಶ್ ಹಚ್ಚದೆ ಬರಿಯ ಮರವನ್ನೇ ಬಿಟ್ಟರು. ಹೊಸ ಜಾಲರಿ 13 ಮಿ.ಮೀ. ಕಣ್ಣಿನ ಬೆಸುಗೆ ಜಾಲರಿ. ಅದನ್ನು ಬಾಗಿಲಿಗೆ ಬಿಚ್ಚಬಹುದಾದ ಪಟ್ಟಿಯಲ್ಲಿ ಕೂರಿಸಿದರು.

ನಡೆದದ್ದು

ಪ್ರಾಣಿಗಳನ್ನು ಬಿಡುವ ಮೊದಲು ಎರಡು ಪರೀಕ್ಷೆ ಮಾಡಿದರು. ಗೂಡಿನೊಳಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಗಳನ್ನಿಟ್ಟು ರಾತ್ರಿಯಿಡೀ ಮುಚ್ಚಿ ಬೆಳಗ್ಗೆ ಮೂಸಿದರು. ಬ್ಲೀಚಿನ ವಾಸನೆ ಇರಲಿಲ್ಲ. ಹಿಂಬದಿಯ ಎಡಗಾಲಿನಿಂದ ಮಾತ್ರ ಸಣ್ಣಗೆ ಮೂತ್ರದ ವಾಸನೆ ಬಂತು. ಕಾಲಿನ ಅಡ್ಡ ಕೊಯ್ದ ಬುಡ ವರ್ಷಗಳ ಕಾಲ ಸೋರಿದ್ದನ್ನು ಮೇಲಕ್ಕೆ ಹೀರಿಕೊಂಡಿತ್ತು. ನಾಲ್ಕೂ ಕಾಲನ್ನು 3 ಸೆಂ.ಮೀ. ಕೊಯ್ದು, ಹೊಸ ತುದಿಗೆ ವಾರ್ನಿಶ್ ಬಳಿದು, ರಬ್ಬರ್ ಟೋಪಿ ಹಾಕಿದರು. ಮರುಪರೀಕ್ಷೆಯಲ್ಲಿ ವಾಸನೆಯಿರಲಿಲ್ಲ. ಇನ್ನೊಂದು ಪರೀಕ್ಷೆ ಸಂದುಗಳನ್ನು ಉಜ್ಜಿದ ಹೊಸ ಬ್ರಷ್‌ನದು. ಅದರಲ್ಲಿ ಶಿಲೀಂಧ್ರ ಬೆಳೆಯಲಿಲ್ಲ.

ಗಿನಿಪಿಗ್‌ಗಳ ಮಾದರಿ ಸತತ ಎರಡು ಸಲ ಶುದ್ಧ ಬಂದ ಮೇಲೆ, ಮೊದಲ ಮಚ್ಚೆ ಕಂಡ ದಿನದಿಂದ ಹನ್ನೊಂದನೇ ವಾರದಲ್ಲಿ, ಅವು ಗೂಡಿಗೆ ಮರಳಿದವು. ಮುಂದಿನ ಆರು ತಿಂಗಳಲ್ಲಿ ಪ್ರಾಣಿಗಳಿಗಾಗಲಿ ಮಗುವಿಗಾಗಲಿ ಮಚ್ಚೆ ಮರುಕಳಿಸಲಿಲ್ಲ.

ಬೇರೆ ಗೂಡಿಗೆ ಇದನ್ನು ಬಳಸುವಾಗ

ಇಲ್ಲಿನ ಬ್ಲೀಚ್ ಎಲ್ಲದಕ್ಕೂ ಮದ್ದಲ್ಲ. ಕರುಳಿನ ಕಾಕ್ಸಿಡಿಯಾ ರೋಗದ ಗಟ್ಟಿಕವಚದ ಮೊಟ್ಟೆಗಳನ್ನು ಬ್ಲೀಚ್ ಕೊಲ್ಲುವುದಿಲ್ಲ. ಅವಕ್ಕೆ ಹಬೆಯ ಬಿಸಿ ಮತ್ತು ಪೂರ್ತಿ ಒಣಗಿಸುವಿಕೆ ಬೇಕು. ಹಬೆಯ ನಳಿಕೆಯನ್ನು ಮರಕ್ಕೆ ತೀರ ಹತ್ತಿರ ಹಿಡಿದು ನಿಧಾನವಾಗಿ ಸರಿಸಬೇಕು, ಒಂದು ಗೇಣು ದೂರದಿಂದ ಬಿಟ್ಟ ಹಬೆ ಮರ ಮುಟ್ಟುವಷ್ಟರಲ್ಲಿ ಆರಿರುತ್ತದೆ.

ಮೊಲವಿದ್ದ ಗೂಡಿಗೆ ಮತ್ತೆ ಮೊಲವನ್ನೇ ತರುವವರ ಸ್ಥಿತಿ ಈ ಕುಟುಂಬದ್ದಕ್ಕಿಂತ ಕಷ್ಟದ್ದು. ಮೊಲಗಳ ರಕ್ತಸ್ರಾವ ರೋಗದ ವೈರಸ್ ಗಿನಿಪಿಗ್‌ಗಳಿಗೆ ತಗುಲುವುದಿಲ್ಲ, ಮೊಲಗಳಿಗೆ ಮಾತ್ರ ಮಾರಕ, ಒಣ ಜಾಗದಲ್ಲಿ ಮೂರು ತಿಂಗಳಿಗೂ ಮೀರಿ ಉಳಿಯುತ್ತದೆ. ಹಿಂದಿನ ಮೊಲ ಇದ್ದಕ್ಕಿದ್ದಂತೆ ಸತ್ತಿದ್ದರೆ, ಕಾರಣ ಯಾರಿಗೂ ಗೊತ್ತಿಲ್ಲದಿದ್ದರೆ, ಆ ಮರದ ಗೂಡನ್ನು ಕೊಳ್ಳದಿರುವುದೇ ನಮ್ಮ ಸಲಹೆ.

ಹಳೆಯ ಬಣ್ಣ ಸಿಪ್ಪೆ ಏಳುತ್ತಿದ್ದರೆ ಸೀಸದ ಪರೀಕ್ಷೆ ಮಾಡುವ ತನಕ ಕೆರೆಯಬಾರದು, ಉಜ್ಜಬಾರದು. ಮರಕ್ಕೆ ಹಸಿರು ಛಾಯೆಯಿದ್ದು ಅದು ಪಾಚಿಯದಲ್ಲವಾದರೆ ಕೊಳೆಯದಂತೆ ತಾಮ್ರದ ಔಷಧಿ ಕುಡಿಸಿದ ಮರವಿರಬಹುದು. ಹಳೆಯ ಮರಗಳಲ್ಲಿ ಅದರ ಜೊತೆ ಆರ್ಸೆನಿಕ್ ಕೂಡ ಇರುತ್ತದೆ. ಕಡಿಯುವ ಪ್ರಾಣಿಗೆ ಅಂಥ ಗೂಡು ಎಷ್ಟು ತೊಳೆದರೂ ಆಗದು.

ಕೊಳ್ಳುವ ಮುನ್ನ ಮಾರುವವರ ಮನೆಯಲ್ಲೇ ಗೂಡನ್ನು ಹಿಂದಕ್ಕೆ ವಾಲಿಸಿ ನೆಲದ ಅಡಿಗೆ ಟಾರ್ಚ್ ಬಿಟ್ಟು ನೋಡಬಹುದು. ಅಂಚುಗಳು ಕಪ್ಪಾಗಿದ್ದರೆ, ಪದರ ಬಿಟ್ಟಿದ್ದರೆ, ಹೊಸ ನೆಲದ ಹಲಗೆ ಮತ್ತು ಎರಡು ವಾರದ ಕೆಲಸ ಸೇರಿಸಿ ಅದರ ಬೆಲೆ ಲೆಕ್ಕ ಹಾಕಬೇಕು. ಈ ಗೂಡಿನ ಕಪ್ಪು ಅಂಚು ಹಾಗೆ ನೋಡಿದ್ದರೆ ಮೊದಲ ದಿನವೇ ಕಾಣುತ್ತಿತ್ತು.